ಖಿನ್ನತೆಯಲ್ಲಿರುವ ಕಲಾವಿದೆ ಗೆಳತಿ ಮತ್ತೆ ಚಿತ್ರ ಬರೆಯುವಂತೆ ಮಾಡುವುದು ಹೇಗೆ?

ನಿಮ್ಮ ಗೆಳತಿ ಮುಂಬಯಿಯ ಅಂಧೇರಿಯಲ್ಲಿ ಒಬ್ಬಳೇ ಇದ್ದಾಳೆ, ಪುಸ್ತಕಗಳಿಗೆ ಚಿತ್ರ ಬರೆದುಕೊಡುವುದು ಅವಳ ಕಸುಬು, ಡಾಕ್ಟರು ಖಿನ್ನತೆ ಎಂದಿದ್ದಾರೆ, ತಿಂಗಳುಗಳಿಂದ ಕುಂಚ ಮುಟ್ಟಿಲ್ಲ, ಮಾತ್ರೆ ತಗೊಂಡರೆ ಕಲೆಯೇ ಹೋಗಿಬಿಡುತ್ತದೆ ಎಂದು ಹೆದರಿದ್ದಾಳೆ ಅಂತ ಬರೆದಿದ್ದೀರಿ. ಅವಳಿಗೆ ಹುರುಪು ತುಂಬಲು ಹಳೆಯ ಚಿತ್ರಗಳನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಲೇ ಎಂದೂ ಕೇಳಿದ್ದೀರಿ.

ಸದ್ಯಕ್ಕೆ ಚಿತ್ರದ ಸುದ್ದಿಯನ್ನೇ ಎತ್ತಬೇಡಿ. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ನನ್ನ ಆಪ್ತ ಗೆಳೆಯನೊಬ್ಬ ಮುಂಬಯಿಯ ಕನ್ನಡ ರಂಗಭೂಮಿಯವನು. ಹಗಲು ಫೋರ್ಟ್‌ನಲ್ಲಿ ಆಫೀಸು, ಸಂಜೆ ಮಾಟುಂಗಾದಲ್ಲಿ ತಾಲೀಮು. ಅವನು ಕಾಯಿಲೆ ಬಿದ್ದಾಗ ಸಿಕ್ಕವರೆಲ್ಲ ಪ್ರೀತಿಯಿಂದಲೇ ಕೇಳುತ್ತಿದ್ದದ್ದು ಒಂದೇ ಮಾತು: ‘ಮುಂದಿನ ನಾಟಕ ಯಾವುದು ಮಾರಾಯ?’ ಅವನಿಗೆ ಅದು ಸಾಲಗಾರ ಬಾಗಿಲು ಬಡಿದಂತೆ ಕೇಳಿಸುತ್ತಿತ್ತು. ಕೊನೆಗೆ ಮಾಟುಂಗಾ ಸ್ಟೇಷನ್ನಿನಲ್ಲಿ ಇಳಿಯುವುದನ್ನೇ ಬಿಟ್ಟ. ಖಿನ್ನತೆ ಕಿತ್ತುಕೊಳ್ಳುವುದು ನಿದ್ದೆ, ಗಮನ, ಆಸೆ, ಒಂದು ಸಣ್ಣ ನಿರ್ಧಾರ ಮಾಡುವ ಶಕ್ತಿ. ಕಲೆಗೆ ಬೇಕಾದದ್ದೂ ಇವೇ. ಹಾಗಾಗಿ ಎಲ್ಲಕ್ಕಿಂತ ಕೊನೆಗೆ ಮರಳುವುದು ಕಲೆ. ಅದನ್ನೇ ಮೊದಲು ಕೇಳಿದರೆ, ಕೊಡಲಾಗದ್ದಕ್ಕೆ ಅವಳು ತನ್ನನ್ನೇ ಬೈದುಕೊಳ್ಳುತ್ತಾಳೆ. ನನ್ನ ಗೆಳೆಯನಿಗೆ ಮೊದಲು ನಿದ್ದೆ ಬಂತು, ಆಮೇಲೆ ಹಸಿವು. ಬಹಳ ದಿನಗಳ ನಂತರ ಯಾರದೋ ನಟನೆಯ ಮೇಲೆ ಸಿಟ್ಟು ಬಂತು. ಆ ಸಿಟ್ಟು ಕಂಡು ನಮಗೆಲ್ಲ ಎಷ್ಟು ಸಮಾಧಾನವಾಯಿತೋ!

ಮಾತ್ರೆಯ ಹೆದರಿಕೆಯನ್ನು ತಳ್ಳಿಹಾಕಬೇಡಿ. ಕೆಲವರಿಗೆ ಈ ಔಷಧಿಗಳಿಂದ ಭಾವನೆಗಳು ಮಂಕಾದ ಹಾಗೆ ಅನ್ನಿಸುವುದುಂಟು. ಅದನ್ನು ಡಾಕ್ಟರಿಗೆ ಹೇಳಿದರೆ ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬೇರೆ ಔಷಧಿ ಕೊಡುತ್ತಾರೆ. ‘ನಾನು ಚಿತ್ರ ಬರೆಯುವವಳು, ನನಗೆ ಈ ಭಯ ಇದೆ’ ಎಂದು ಅವಳೇ ಬಾಯಿಬಿಟ್ಟು ಹೇಳಲಿ. ಗುಣ ಕಾಣಲು ಕೆಲವು ವಾರಗಳೇ ಹಿಡಿಯುತ್ತವೆ, ಅಡ್ಡಪರಿಣಾಮ ಮಾತ್ರ ಮೊದಲ ವಾರದಲ್ಲೇ ಬರಬಹುದು. ಬಹಳ ಜನ ಬಿಟ್ಟುಬಿಡುವುದು ಈ ನಡುವಿನ ದಿನಗಳಲ್ಲೇ, ಆಗ ನೀವು ಜೊತೆಗಿರಬೇಕು. ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸುವುದಂತೂ ಕೂಡದು. ನೋವಿನಿಂದಲೇ ಕಲೆ ಹುಟ್ಟುತ್ತದೆ ಎನ್ನುವವರು ಡಚ್ ಚಿತ್ರಕಾರ ವಾನ್ ಗೋ ಹೆಸರು ಹೇಳುತ್ತಾರೆ. ಅವನ ಕಾಯಿಲೆ ಬೇರೆಯೇ ಇದ್ದೀತು, ಆದರೆ 1889ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಕಾಯಿಲೆ ಉಲ್ಬಣಿಸಿದ ವಾರಗಳಲ್ಲಿ ಅವನಿಗೆ ಕೆಲಸ ಮಾಡಲಾಗಲಿಲ್ಲ. ಬರೆದದ್ದು ಚೇತರಿಸಿಕೊಂಡ ದಿನಗಳಲ್ಲಿ.

ಖಾಸಗಿ ಡಾಕ್ಟರ ಫೀಸು ಅವಳಿಗೆ ಭಾರವಾದರೆ ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗದ ಓಪಿಡಿ (ಹೊರರೋಗಿಗಳ ವಿಭಾಗ) ಇದೆ, ಖರ್ಚು ತೀರಾ ಕಡಿಮೆ. ಆದರೆ ಕೇಸ್ ಪೇಪರಿಗೆ, ಅಂದರೆ ಹೆಸರು ಬರೆಸಿ ಪಡೆಯುವ ಚೀಟಿಗೆ, ಕ್ಯೂ ನಿಲ್ಲಬೇಕು. ಆ ಕ್ಯೂ ನೋಡಿಯೇ ಮನೆಗೆ ಹಿಂತಿರುಗುವ ಸ್ಥಿತಿ ಅವಳದು. ಕ್ಯೂನಲ್ಲಿ ನೀವು ನಿಲ್ಲಿ, ಅವಳು ಕೂತಿರಲಿ.

ಉಳಿದ ಸಹಾಯವೂ ಈ ಬಗೆಯದೇ. ‘ಏನಾದರೂ ಬೇಕಿದ್ದರೆ ಹೇಳು’ ಎಂದರೆ ಏನು ಬೇಕೆಂದು ಯೋಚಿಸುವ ಕೆಲಸವೂ ಅವಳ ಮೇಲೇ ಬೀಳುತ್ತದೆ. ‘ಶನಿವಾರ ಸಂಜೆ ಇಡ್ಲಿ ಕಟ್ಟಿಸಿಕೊಂಡು ಬರ್ತೀನಿ, ಬಾಗಿಲು ತೆಗಿ ಸಾಕು, ಮಾತಾಡಬೇಕಂತಿಲ್ಲ’ ಅನ್ನಿ. ಬಿಡಿ ಕೆಲಸದ ಮೇಲೆ ಬದುಕುವವರಿಗೆ ನಿಜವಾದ ದಿಗಿಲು ಓದದೆ ಬಿದ್ದಿರುವ ಮೇಲ್‌ಗಳದು, ಬಾರದ ಪೇಮೆಂಟಿನದು, ಮನೆ ಬಾಡಿಗೆಯದು. ಪಕ್ಕದಲ್ಲಿ ಕೂತು ಒಂದೊಂದೇ ಮೇಲ್ ತೆರೆಸಿ. ‘ಆರೋಗ್ಯ ಸರಿಯಿಲ್ಲ, ಸ್ವಲ್ಪ ಸಮಯ ಕೊಡಿ’ ಎಂಬ ಎರಡು ಸಾಲನ್ನು ನೀವೇ ಟೈಪ್ ಮಾಡಿ, ಕಳಿಸುವುದನ್ನು ಅವಳಿಗೆ ಬಿಡಿ. ಖಾಯಿಲೆಯ ಹೆಸರು ಯಾರಿಗೂ ಹೇಳಬೇಕಿಲ್ಲ.

ಇನ್ನೊಂದು ಮಾತು ಕೇಳಲು ಅಳುಕಬೇಡಿ: ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಬಣ್ಣ, ಕುಂಚ, ಪುಸ್ತಕಗಳನ್ನು ಹಂಚತೊಡಗಿದರೆ ಅಥವಾ ಬಹಳ ದಿನಗಳ ಒದ್ದಾಟದ ನಂತರ ಇದ್ದಕ್ಕಿದ್ದಂತೆ ಶಾಂತಳಾದರೆ ತಪ್ಪದೆ ಕೇಳಿ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಮಾತ್ರೆಗಳ ದಾಸ್ತಾನು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಏನು ಮಾಡಲಿ ಎಂದು ತೋಚದಾಗ ನೀವೂ ಫೋನ್ ಮಾಡಬಹುದು.

ಇದೆಲ್ಲ ನಿಮ್ಮೊಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಅವಳು ಒಪ್ಪಿದರೆ ಅವಳ ಅಣ್ಣನನ್ನೋ ಇನ್ನೊಬ್ಬ ಗೆಳತಿಯನ್ನೋ ಸೇರಿಸಿಕೊಂಡು ವಾರದ ದಿನಗಳನ್ನು ಹಂಚಿಕೊಳ್ಳಿ.

ಇನ್‌ಸ್ಟಾಗ್ರಾಮ್ ವಿಷಯ: ಅವಳನ್ನು ಕೇಳದೆ ಒಂದು ಚಿತ್ರವನ್ನೂ ಹಾಕಬೇಡಿ. ಹೊಗಳಿದವರೆಲ್ಲ ಕೊನೆಗೆ ‘ಹೊಸದು ಯಾವಾಗ?’ ಎಂದೇ ಕೇಳುತ್ತಾರೆ.