‘ಕೊರೊನಾದಲ್ಲಿ ಎರಡೇ ಸಾಕಾಗಿತ್ತಲ್ಲ ಡಾಕ್ಟ್ರೇ?’

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ವಾರಕ್ಕೆ ಎರಡೇ ಡಯಾಲಿಸಿಸ್ ಸಾಕಲ್ವಾ? ಮೈಸೂರಿನ ನನ್ನ ಕಿಡ್ನಿ ಒಪಿಡಿಯಲ್ಲೂ ಅದೇ ಪ್ರಶ್ನೆ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಹೋಗುತ್ತೆ. ಉಳಿದವರು ಬೇಜಾರು ಮಾಡ್ಕೋಬೇಡಿ.

ನಮ್ಮ ತಂದೆಗೆ 2019ರಿಂದ ಡಯಾಲಿಸಿಸ್ ನಡೀತಿದೆ. ಲಾಕ್‌ಡೌನ್‌ನಲ್ಲಿ ವಾರಕ್ಕೆ ಎರಡೇ ಸಲ ಮಾಡಿದ್ರು, ಏನೂ ಆಗಲಿಲ್ಲ. ಈಗ ಮೂರು ಬೇಕೇ ಬೇಕು ಅಂತಾರೆ. ಓಡಾಟ, ಖರ್ಚು ಎರಡೂ ಜಾಸ್ತಿ. ಎರಡೇ ಸಾಕಲ್ವಾ? – ಮಳವಳ್ಳಿ

ಎರಡೇ ಸಾಕು ಅಂತ ಆಗ ನಾವು ಹೇಳಿರಲಿಲ್ಲ. ಎರಡಕ್ಕಿಂತ ಜಾಸ್ತಿ ಕೊಡೋಕೆ ಆಗಲ್ಲ ಅಂದಿದ್ದೆವು. ಎರಡು ಮಾತಿಗೂ ವ್ಯತ್ಯಾಸ ಇದೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಬಸ್ಸು ನಿಂತಿತು. ಒಬ್ಬ ಪೇಷೆಂಟ್ ಪಾಸಿಟಿವ್ ಬಂದರೆ ಆ ಶಿಫ್ಟಿನ ಟೆಕ್ನಿಷಿಯನ್, ನರ್ಸ್ ಎಲ್ಲರೂ ಕ್ವಾರಂಟೈನ್. ಪಾಸಿಟಿವ್ ಆದವರಿಗೆ ಬೇರೆ ಮಷಿನ್ ಎತ್ತಿಡಬೇಕು, ಪ್ರತಿ ಶಿಫ್ಟ್ ಮುಗಿದ ಮೇಲೆ ಎಲ್ಲಾ ತೊಳೆದು ಒರೆಸಬೇಕು. ದಿನಕ್ಕೆ ಮೂರು ಜನಕ್ಕೆ ಓಡುತ್ತಿದ್ದ ಮಷಿನ್ ಎರಡಕ್ಕೆ ಇಳಿಯಿತು. ಇರೋ ಅನ್ನವನ್ನು ಮನೆಮಂದಿಗೆಲ್ಲ ಹಂಚಿದ ಹಾಗೆ ಹಂಚಿದೆವು, ಅಷ್ಟೇ. ಜೊತೆಗೆ ಪೊಟ್ಯಾಸಿಯಂ ಇಳಿಸೋ ಪುಡಿ ಕೊಟ್ಟೆವು, ನೀರು ಕಡಿಮೆ ಕುಡೀರಿ ಅಂತ ದಿನಾ ಫೋನ್ ಮಾಡಿ ಬೈದೆವು. ಪತ್ರದಲ್ಲಿ ನೀವು ಅದನ್ನು ಬರೆದೇ ಇಲ್ಲ.

ಮದ್ದೂರಿನ ಕಡೆಯಿಂದ ಒಬ್ಬರು ಮಗನ ಬೈಕಿನಲ್ಲಿ ಬರುತ್ತಿದ್ದರು. ಚೆಕ್‌ಪೋಸ್ಟಿನಲ್ಲಿ ಪಾಸ್ ಕೇಳಿದರೆ ಶರ್ಟಿನ ತೋಳು ಮೇಲೆತ್ತಿ, ಉಬ್ಬಿದ ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಜಾಗ) ತೋರಿಸಿ, "ಮುಟ್ನೋಡಿ ಸಾ, ಜುಮ್ ಅಂತದೆ" ಅನ್ನುತ್ತಿದ್ದರಂತೆ. ಮುಟ್ಟೋಕೆ ಹೆದರಿ ಪೊಲೀಸರು ಬಿಟ್ಟುಬಿಡುತ್ತಿದ್ದರು. ಒಂದು ಸೋಮವಾರ ಅವರು ಬರಲಿಲ್ಲ. ನಮ್ಮ ಹಳೇ ರಿಜಿಸ್ಟರಿನಲ್ಲಿ ಹೀಗೆ ನಡುವೆ ಹಾಜರಿ ನಿಂತ ಹೆಸರುಗಳು ಇನ್ನೂ ಇವೆ. "ಏನೂ ಆಗಲಿಲ್ಲ" ಅಂತ ಅವರ ಮನೆಯವರು ನನಗೆ ಪತ್ರ ಬರೆಯಲ್ಲ.

ಲೆಕ್ಕ ನೋಡಿ. ಒಳ್ಳೆ ಕಿಡ್ನಿ ವಾರಕ್ಕೆ 168 ಗಂಟೆ ದುಡಿಯುತ್ತೆ. ಮೂರು ಸಲ ಡಯಾಲಿಸಿಸ್ ಅಂದರೆ 12 ಗಂಟೆ. ಅದರಲ್ಲೂ ನಾಲ್ಕು ಗಂಟೆ ಚೌಕಾಸಿ ಮಾಡ್ತೀರಾ? ಗ್ಯಾಪ್ ಉದ್ದ ಆದಷ್ಟೂ ಶ್ವಾಸಕೋಶದಲ್ಲಿ ನೀರು, ರಕ್ತದಲ್ಲಿ ಪೊಟ್ಯಾಸಿಯಂ. ನೀರಾದರೆ ದಮ್ಮು ಬಂದು ಎಚ್ಚರಿಸುತ್ತೆ. ಪೊಟ್ಯಾಸಿಯಂ ಹಾಗಲ್ಲ, ಹೇಳದೆ ಕೇಳದೆ ಹೃದಯ ನಿಲ್ಲಿಸುತ್ತೆ.

ಎರಡರಲ್ಲೇ ನಡೆಯುವವರು ಇದ್ದಾರೆ, ಇಲ್ಲ ಅನ್ನಲ್ಲ. ಇನ್ನೂ ಚೆನ್ನಾಗಿ ಮೂತ್ರ ಹೋಗುತ್ತಿರುವವರು ಅವರು. ನಿಮ್ಮ ತಂದೆಗೆ ದಿನಕ್ಕೆ ಎಷ್ಟು ಹೋಗುತ್ತೆ? ಬರೆದಿಲ್ಲ. 24 ಗಂಟೆಯದ್ದು ಕ್ಯಾನಿನಲ್ಲಿ ಹಿಡಿದು, ಅಳೆದು ನಿಮ್ಮ ಡಾಕ್ಟರಿಗೆ ತೋರಿಸಿ. ನಿರ್ಧಾರ ಅವರದ್ದು. ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಇನ್ನೊಂದು ವಿಷಯ, ಮಂಡ್ಯದವರಿಗೇ ಅಂತ ಹೇಳೋದು. ಸೊಪ್ಪು, ಕಾಳು ಬೇಯಿಸಿ ನೀರು ಬಸಿದು ಚೆಲ್ಲಿ ಅಂತ ನಾವು ಹೇಳುತ್ತೇವೆ, ಪೊಟ್ಯಾಸಿಯಂ ಆ ನೀರಿಗೆ ಇಳಿದಿರುತ್ತೆ ಅಂತ. ಮನೆಯಲ್ಲಿ ಶ್ರದ್ಧೆಯಿಂದ ಬಸಿಯುತ್ತಾರೆ. ಆಮೇಲೆ ಆ ನೀರಿನಲ್ಲೇ ಉಪ್ಸಾರು, ಬಸ್ಸಾರು ಮಾಡಿ ಮುದ್ದೆ ಜೊತೆ ಬಡಿಸುತ್ತಾರೆ! ಪೇಷೆಂಟಿಗೆ ಪಲ್ಯ ಹಾಕಿ, ಸಾರು ಬೇಡ. ಎಳನೀರಂತೂ ಮುಟ್ಟಿಸಬೇಡಿ. ಮದ್ದೂರಿನ ಎಳನೀರು ಮಾರ್ಕೆಟ್ ಪಕ್ಕದಲ್ಲೇ ಮನೆ ಇದ್ದರೂ ಸರಿ.

ಓಡಾಟದ ಕಷ್ಟ ನಿಜ, ಅದಕ್ಕೆ ದಾರಿ ಹುಡುಕಿ. ಬಿಪಿಎಲ್ ಕುಟುಂಬಗಳಿಗೆ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರದ ಯೋಜನೆ 2016ರಿಂದ ಇದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಜಾಗ ಇದೆಯಾ ವಿಚಾರಿಸಿ. ಮನೆಯಲ್ಲೇ ಮಾಡಿಕೊಳ್ಳೋ ಹೊಟ್ಟೆಯ ಡಯಾಲಿಸಿಸ್ ಬಗ್ಗೆಯೂ ಕೇಳಿ. ಅದಕ್ಕೆ ಬೇಕಾದ ದ್ರವದ ಚೀಲ ಮನೆಗೆ ಬರುತ್ತಿದ್ದಷ್ಟು ದಿನ, ಅದನ್ನು ಮಾಡಿಕೊಳ್ಳುತ್ತಿದ್ದವರಿಗೆ ಲಾಕ್‌ಡೌನ್‌ನಲ್ಲಿ ಬಸ್ಸು ನಿಂತದ್ದೇ ಗೊತ್ತಾಗಲಿಲ್ಲ.

ಕೊರೊನಾದಲ್ಲಿ ಶುರು ಮಾಡಿದ ಅಮೃತಬಳ್ಳಿ ಕಷಾಯ, ವಿಟಮಿನ್ ಸಿ ಮಾತ್ರೆ ಇನ್ನೂ ಬಿಟ್ಟಿಲ್ಲ. ಕ್ರಿಯಾಟಿನಿನ್ (ಕಿಡ್ನಿ ಸೋಸದೆ ರಕ್ತದಲ್ಲಿ ಉಳಿಯೋ ಕಸ) 3.2 ಇದೆ. ಒಬ್ಬರು ಇಳಿಸೋ ಪುಡಿ ಕೊಡ್ತೀನಿ ಅಂತಾರೆ. – ನಂಜನಗೂಡು

ಮೂರನ್ನೂ ಬಿಡಿ. ವಿಟಮಿನ್ ಸಿ ಅತಿಯಾದರೆ ಆಕ್ಸಲೇಟ್ ಅನ್ನೋ ಹರಳಾಗಿ ಕಿಡ್ನಿಯಲ್ಲೇ ಕೂರುತ್ತೆ. ಅಮೃತಬಳ್ಳಿ ತಗೊಂಡವರ ಲಿವರಿಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈ ವೈದ್ಯರು ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರವರ ಜಗಳ ಅವರಿಗಿರಲಿ, ನಿಮ್ಮ ಕಿಡ್ನಿ ಪಣಕ್ಕಿಡಬೇಡಿ. ಇನ್ನು ಆ ಪುಡಿಯವನು: ಪೊಟ್ಟಣದ ಮೇಲೆ ಏನೇನಿದೆ ಅಂತ ಬರೆದು ಸಹಿ ಹಾಕಿಕೊಡಪ್ಪ ಅನ್ನಿ. ಮತ್ತೆ ಫೋನ್ ಎತ್ತಿದರೆ ನನಗೆ ತಿಳಿಸಿ.

ಕಿಡ್ನಿ ಕಸಿ ಆಗಿದೆ. ಸೋಂಕಿನ ಸುದ್ದಿ ಬಂದಾಗಲೆಲ್ಲ ಇಮ್ಯುನಿಟಿ ಕಡಿಮೆ ಮಾಡೋ ಮಾತ್ರೆ ನಿಲ್ಲಿಸಬಹುದಾ? – ಪಾಂಡವಪುರ

ಬೇಡ.

ಮಗಳು ಕೊರೊನಾ ಕಾಲದಲ್ಲಿ ಪಿಜಿ ಓದಿದಳು. ಕೊರೊನಾ ಬ್ಯಾಚ್ ಡಾಕ್ಟರ್ ಅಂತ ಜನ ಆಡ್ಕೋತಾರೆ. – ಮೈಸೂರು

ಆಡಿಕೊಳ್ಳುವವರನ್ನು ಅಂದು ಪಿಪಿಇ ಹಾಕಿಸಿ ಆರು ಗಂಟೆ ವಾರ್ಡಿನಲ್ಲಿ ನಿಲ್ಲಿಸಬೇಕಿತ್ತು. 2021ರ ಏಪ್ರಿಲ್‌ನಲ್ಲಿ ಆಗಬೇಕಿದ್ದ ನೀಟ್ ಪಿಜಿ (ಡಾಕ್ಟರುಗಳ ಪಿಜಿ ಪ್ರವೇಶ ಪರೀಕ್ಷೆ) ಸೆಪ್ಟೆಂಬರ್‌ಗೆ ಹೋಯಿತು, ಸೀಟು ಹಂಚೋ ಕೌನ್ಸೆಲಿಂಗ್ 2022ರ ಜನವರಿಗೆ. ಹೊಸ ಬ್ಯಾಚ್ ಬರದೆ ಸೀನಿಯರ್‌ಗಳೇ ಎರಡು ಬ್ಯಾಚಿನ ಕೆಲಸ ಹೊತ್ತರು. ಕಲಿಕೆಗೆ ಪೆಟ್ಟು ಬಿದ್ದದ್ದು ನಿಜ. ನನ್ನ ಹುಡುಗರು ಕಸಿ ಆಪರೇಷನ್ ನೋಡಿದ್ದು ಕಡಿಮೆ, ಕಿಡ್ನಿ ಬಯಾಪ್ಸಿಗೆ ಕೈ ಪಳಗಿದ್ದು ತಡವಾಗಿ. ಆದರೆ ಉಸಿರು ಸಿಗದ ಪೇಷೆಂಟ್ ಬಂದರೆ ಈಗಲೂ ನಾನು ಮೊದಲು ಕೂಗೋದು ಆ ಬ್ಯಾಚಿನವರನ್ನೇ.

ಕಿಡ್ನಿಗೆ 2019ರಲ್ಲೇ ಹೆಸರು ಬರೆಸಿದ್ದೇವೆ. ದುಡ್ಡಿದ್ದವರಿಗೆ ಮೊದಲು ಕೊಡ್ತಾರಂತೆ, ಹೌದಾ? – ಶ್ರೀರಂಗಪಟ್ಟಣ

ಕೊರೊನಾದ ಆ ಎರಡು ವರ್ಷ ದಾನಿಗಳೇ ಕಡಿಮೆ. ಮಿದುಳು ನಿಷ್ಕ್ರಿಯ ಅಂತ ಘೋಷಿಸೋಕೆ ಐಸಿಯು ಬೇಕು, ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಆಗಬೇಕು. ಐಸಿಯು ತುಂಬಾ ಕೋವಿಡ್ ಪೇಷೆಂಟ್‌ಗಳಿದ್ದರು. ಸತ್ತವರ ಅಂಗಾಂಗ ಹಂಚೋದು ಆಸ್ಪತ್ರೆಯಲ್ಲ, ರಾಜ್ಯದ ಜೀವಸಾರ್ಥಕತೆ ಸಂಸ್ಥೆ. ರಕ್ತದ ಗುಂಪು, ಕಾದ ಕಾಲ ಎಲ್ಲಾ ನೋಡುತ್ತಾರೆ. ಒಂದು ಕೇಳ್ತೀನಿ: 2019ರಲ್ಲಿ ಕೊಟ್ಟ ಮೊಬೈಲ್ ನಂಬರೇ ಈಗಲೂ ಇದೆಯಾ? ಕಿಡ್ನಿ ಬಂತು ಅಂತ ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಅರ್ಧ ಜನರದ್ದು ಸ್ವಿಚ್ ಆಫ್. ನಾಳೆ ಬೆಳಿಗ್ಗೆಯೇ ನೋಂದಾಯಿಸಿದ ಆಸ್ಪತ್ರೆಗೆ ಹೋಗಿ ಹೊಸ ನಂಬರ್ ಬರೆಸಿ. ಮನೆಯ ಇನ್ನಿಬ್ಬರದ್ದೂ ಕೊಡಿ.