ಬಿಸಿಯಾದ ಮೇಲೆ ಆಫ್ ಆಗುವ ಹಳೆಯ ಕಾರು: ಬಿಡಿಭಾಗ ಕೊಳ್ಳುವ ಮೊದಲು ಏನು ನೋಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸುಮಾರು 20 ವರ್ಷ ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಜರ್ಕ್ ಹೊಡೆಯಲು ಶುರು, ಸಿಗ್ನಲ್‌ನಲ್ಲಿ ನಿಂತರೆ ನಡುಗಿ ಆಫ್ ಆಗುತ್ತದೆ. ಪ್ಲಗ್ ಬದಲಿಸಿದರೂ ಪ್ರಯೋಜನವಾಗಿಲ್ಲ. ಈಗ ಗ್ಯಾರೇಜಿನವರು ಫ್ಯೂಯಲ್ ಪಂಪ್, ಇಂಜೆಕ್ಟರ್ (ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಭಾಗ), ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಮೂರನ್ನೂ ಹಾಕಿಸಿ ಎನ್ನುತ್ತಿದ್ದಾರೆ, ಅಷ್ಟು ಹಣ ನಿಮ್ಮ ಕೈಯಲ್ಲಿಲ್ಲ.

ದಯವಿಟ್ಟು ಆ ಮೂರನ್ನೂ ಈಗಲೇ ಹಾಕಿಸಬೇಡಿ. ಮೂರರಲ್ಲಿ ಒಂದು ಕೆಟ್ಟಿರಬಹುದು, ಒಂದೂ ಕೆಟ್ಟಿಲ್ಲದೆಯೂ ಇರಬಹುದು. ಇದೇ ಲಕ್ಷಣದ ಕಾರು ನನ್ನ ಬಳಿಯೂ ಇತ್ತು. ನಾನು ಮೊದಲು ಪ್ಲಗ್ ಹಾಕಿಸಿದೆ, ಆಮೇಲೆ ಫಿಲ್ಟರ್, ಆಮೇಲೆ ಸಾಲ ಮಾಡಿ ಪಂಪ್. ಹೊಸ ಪಂಪ್ ಹಾಕಿಸಿಕೊಂಡು ಹೊರಟ ದಿನವೇ ಅದೇ ಜಾಗದಲ್ಲಿ, ಅದೇ ರೀತಿ ಆಫ್ ಆಯಿತು. ಎರಡು ತಿಂಗಳ ನಂತರ ಸಿಕ್ಕಿದ ಕಾರಣ, ಇಂಜಿನ್ನಿನ ಹಿಂಬದಿಯಲ್ಲಿ ಸೀಳಿಹೋಗಿದ್ದ ಒಂದು ರಬ್ಬರ್ ಪೈಪು. ನನ್ನ ಅಂಗೈಯಷ್ಟೂ ಉದ್ದವಿರಲಿಲ್ಲ. ಆ ಎರಡು ತಿಂಗಳ ಖರ್ಚು ನಿಮಗೆ ಬರಬಾರದು ಎಂಬ ಕಾರಣಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಪುಸ್ತಕ ಮತ್ತು ಪೆನ್ನು ಕಾರಿನಲ್ಲಿ ಇಟ್ಟುಕೊಳ್ಳಿ. ಗಾಡಿ ಪ್ರತಿ ಸಲ ಆಫ್ ಆದಾಗಲೂ ಬರೆಯಿರಿ: ಎಷ್ಟು ಹೊತ್ತು ಓಡಿತ್ತು, ಬಿಸಿಯ ಮುಳ್ಳು ಎಲ್ಲಿತ್ತು, ನಿಂತಿತ್ತೋ ಓಡುತ್ತಿತ್ತೋ, ಏರಿನಲ್ಲೋ ಸಮತಟ್ಟಿನಲ್ಲೋ, ಮಳೆ ಇತ್ತೇ, ಟ್ಯಾಂಕ್‌ನಲ್ಲಿ ಪೆಟ್ರೋಲ್ ಎಷ್ಟಿತ್ತು, ಮತ್ತೆ ಸ್ಟಾರ್ಟ್ ಆಗಲು ಎಷ್ಟು ನಿಮಿಷ ಹಿಡಿಯಿತು. ಮಳೆಯಲ್ಲಿ ಮಾತ್ರ ಮಿಸ್ಸಿಂಗ್ ಇದ್ದರೆ ಪ್ಲಗ್ ವಯರು, ಕಾಯಿಲ್, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳಗಳ ಕಡೆ ನೋಡಬೇಕು. ಏರಿನಲ್ಲಿ ಅಥವಾ ಓವರ್‌ಟೇಕ್ ಮಾಡುವಾಗ ಮಾತ್ರ ಎಳೆತ ಸತ್ತರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ. ಪೆಟ್ರೋಲ್ ತುಂಬಿಸಿಕೊಂಡು ಹೊರಟ ಕೂಡಲೇ ಆಫ್ ಆದರೆ, ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಕಳಿಸುವ ಪರ್ಜ್ ವಾಲ್ವ್ ತೆರೆದೇ ಉಳಿದಿರುವ ಸಾಧ್ಯತೆ ಇದೆ. ಒಂದು ವಾರದ ಇಂಥ ಬರಹ ಯಾವ ಮೆಕ್ಯಾನಿಕ್‌ಗಾದರೂ ಅರ್ಧ ಕೆಲಸ ಮುಗಿಸಿಕೊಡುತ್ತದೆ.

ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು. ಗೇರ್‌ನಲ್ಲಿ ಓಡುತ್ತಿರುವಾಗ ಆಫ್ ಆದರೆ, ಚಕ್ರಗಳು ಇನ್ನೂ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆಗಲೂ ಮುಳ್ಳು ದೀಪ ಆರಿದಂತೆ ಥಟ್ಟನೆ ಸೊನ್ನೆಗೆ ಬಿದ್ದರೆ, ವಿದ್ಯುತ್ತಿನ ಕಡೆ ಏನೋ ಕಡಿದುಹೋಗಿದೆ: ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರ್‌ಗೆ ತಿಳಿಸುವ ಭಾಗ), ಇಗ್ನಿಷನ್ ಸ್ವಿಚ್ ಅಥವಾ ಒಂದು ವಯರು. ಹಾಗಾಗದೆ ಗಾಡಿ ಕೆಮ್ಮುತ್ತಾ, ಜಗ್ಗುತ್ತಾ, ಮುಳ್ಳು ನಿಧಾನವಾಗಿ ಇಳಿಯುತ್ತಾ ಸತ್ತರೆ ಪೆಟ್ರೋಲ್ ಅಥವಾ ಗಾಳಿಯ ಲೆಕ್ಕ ತಪ್ಪಿದೆ. ಆಫ್ ಆದ ಮೇಲೆ ಸೆಲ್ಫ್ ಹೊಡೆಯುವಾಗ ಮುಳ್ಳು ಒಂದಿಷ್ಟೂ ಅಲುಗಾಡದಿದ್ದರೆ ಹಲವು ಕಾರುಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಈ ಸೆನ್ಸರ್ ಬಿಸಿಗೆ ಕೈಕೊಟ್ಟು, ಇಪ್ಪತ್ತು ನಿಮಿಷ ತಣ್ಣಗಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಕೆಲಸ ಮಾಡುತ್ತದೆ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ರೋಗ ಮಾಯವಾಗುವುದು ಹೀಗೆಯೇ.

ನೀವು ಹೇಳಿದ ಲಕ್ಷಣದಲ್ಲಿ ನನ್ನ ಮೊದಲ ಅನುಮಾನ ಗಾಳಿಯ ಸೋರಿಕೆಯ ಮೇಲೆ. ಒಂದು ಭಾಗ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಇಂಜಿನ್ ತಣ್ಣಗಿರುವಾಗ ಕಂಪ್ಯೂಟರ್ ಬೇಕೆಂದೇ ಹೆಚ್ಚು ಪೆಟ್ರೋಲ್ ಹಾಯಿಸುತ್ತದೆ. ಎಲ್ಲೋ ಸೀಳಿದ ಪೈಪಿನಿಂದ ಕಳ್ಳ ಗಾಳಿ ಒಳಬರುತ್ತಿದ್ದರೂ ಬೆಳಗಿನ ಆ ಹೆಚ್ಚುವರಿ ಪೆಟ್ರೋಲ್ ಅದನ್ನು ಮುಚ್ಚಿಹಾಕುತ್ತದೆ. ಇಂಜಿನ್ ಬಿಸಿಯಾದಾಗ ಪೆಟ್ರೋಲ್ ಅಳತೆಗೆ ಇಳಿಯುತ್ತದೆ, ಸೋರಿಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿಯೇ ಕಡಿಮೆ, ಆದ್ದರಿಂದ ಅಲ್ಲಿ ಆ ಕಳ್ಳ ಗಾಳಿಯ ಪಾಲು ದೊಡ್ಡದಾಗಿ ಗಾಡಿ ನಡುಗಿ ಆಫ್ ಆಗುತ್ತದೆ. ರೇಸ್ ಕೊಟ್ಟರೆ ಸುಧಾರಿಸಿಕೊಳ್ಳುತ್ತದೆ. ಬೆಳಿಗ್ಗೆ ಸರಿ, ಸಿಗ್ನಲ್‌ನಲ್ಲಿ ತಪ್ಪು ಎಂಬ ಒಗಟಿಗೆ ನನ್ನ ಕಾರಿನಲ್ಲಿ ಉತ್ತರ ಇದಾಗಿತ್ತು. ಗಾಳಿಯನ್ನು ಒತ್ತಡದ ಮೂಲಕ ಅಂದಾಜು ಮಾಡುವ ಕೆಲವು ಕಾರುಗಳಲ್ಲಿ ಇದೇ ಸೋರಿಕೆಗೆ ಐಡ್ಲಿಂಗ್ ಏರುತ್ತದೆ, ಅದನ್ನೂ ಗಮನಿಸಿ.

ಹುಡುಕುವ ವಿಧಾನಕ್ಕೆ ಒಂದು ಪೈಸೆಯೂ ಬೇಡ. ಇಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಬಾನೆಟ್ ಎತ್ತಿ, ಫ್ಯಾನ್ ಮತ್ತು ಬೆಲ್ಟ್‌ಗಳಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಟ್ಟು ಕಿವಿಗೊಡಿ. ಸಣ್ಣ ‘ಸುಯ್’ ಸದ್ದು ಕೇಳಬಹುದು. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನಿಂದ ಹೊರಡುವ ಸಣ್ಣ ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ಅದುಮಿ, ಅಥವಾ ಬಟ್ಟೆ ಸುತ್ತಿದ ಕಟಿಂಗ್ ಪ್ಲೇಯರ್‌ನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಯಾವ ಪೈಪನ್ನು ಒತ್ತಿದಾಗ ನಡುಕ ನಿಂತು ಇಂಜಿನ್ ಹಗುರಾಗುತ್ತದೋ ಆ ದಾರಿಯಲ್ಲೇ ಸೋರಿಕೆ. ನನ್ನದು ಒಂದು ಮೊಳಕೈ ಆಕಾರದ ಪೈಪು. ಮೇಲಿನಿಂದ ನೋಡಿದರೆ ಕಪ್ಪಗೆ ಹೊಳೆಯುತ್ತಾ ಗಟ್ಟಿಯಾಗಿಯೇ ಕಾಣುತ್ತಿತ್ತು. ಬೆರಳನ್ನು ಅದರ ಕೆಳಗೆ ತೂರಿಸಿದಾಗ ಎಣ್ಣೆ ಕುಡಿದು ಮೆತ್ತಗಾದ ರಬ್ಬರ್, ಅದರ ನಡುವೆ ಉಗುರು ಹಿಡಿಯುವಷ್ಟು ಸೀಳು. ಬೆರಳ ತುದಿಯನ್ನು ಅದು ಒಳಗೆ ಎಳೆದುಕೊಂಡಿತು, ಆ ಕ್ಷಣವೇ ಇಂಜಿನ್ನಿನ ಸದ್ದು ಸಮವಾಯಿತು. ನಿಮ್ಮ ಪೈಪು ತುದಿಯಲ್ಲಿ ಸೀಳಿದ್ದು ಉದ್ದಕ್ಕೆ ಅವಕಾಶವಿದ್ದರೆ, ಇಂಜಿನ್ ಆಫ್ ಮಾಡಿ ಆ ತುದಿ ಕತ್ತರಿಸಿ ಮತ್ತೆ ಕೂರಿಸಿದರೆ ಮುಗಿಯಿತು. ಏರ್ ಫಿಲ್ಟರ್‌ನಿಂದ ಥ್ರಾಟಲ್‌ವರೆಗಿನ (ಥ್ರಾಟಲ್ ಎಂದರೆ ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ತೆರೆದುಕೊಳ್ಳುವ ಬಾಗಿಲು) ದಪ್ಪ ಪೈಪಿನ ಮಡಿಕೆಗಳನ್ನೂ ಬಿಡಿಸಿ ನೋಡಿ, ಸೀಳುಗಳು ಆ ಮಡಿಕೆಗಳ ಒಳಗೇ ಅಡಗಿರುತ್ತವೆ. ಸೋರಿಕೆ ಹುಡುಕಲು ಬಿಸಿ ಇಂಜಿನ್ ಮೇಲೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಎಂದು ಹಲವರು ಹೇಳುತ್ತಾರೆ. ಅದು ಹೊತ್ತಿಕೊಳ್ಳುವ ದ್ರವ, ನಾನು ಹೇಳುವುದಿಲ್ಲ.

ಪೈಪುಗಳು ಸರಿಯಿದ್ದರೆ ಥ್ರಾಟಲ್ ಬಾಡಿಯ ಬಾಯಿ ನೋಡಿ. ಅಂಚಿನಲ್ಲಿ ಕಪ್ಪು ಮಸಿ ಕಟ್ಟಿದ್ದರೆ ಐಡ್ಲಿಂಗ್‌ಗೆ ಬೇಕಾದ ಗಾಳಿ ಸಿಗುವುದಿಲ್ಲ. ಇಂಜಿನ್ ಆಫ್ ಆಗಿ ತಣ್ಣಗಿರುವಾಗ ಥ್ರಾಟಲ್ ಕ್ಲೀನರ್ ಹಚ್ಚಿದ ಬಟ್ಟೆಯಿಂದ ಒರೆಸಿ. ಐಡ್ಲಿಂಗ್‌ನ ಗಾಳಿಯನ್ನು ನಿಯಂತ್ರಿಸುವ ಐಡಲ್ ವಾಲ್ವ್ ಬಿಚ್ಚಿ ತೆಗೆಯಲು ಬಂದರೆ ಅದರ ಮಸಿಯನ್ನೂ ತೆಗೆಯಿರಿ.

ಇನ್ನು ಕಿಡಿ. ನೀವು ತೆಗೆದ ಹಳೆಯ ಪ್ಲಗ್‌ಗಳನ್ನು ಎಸೆದಿಲ್ಲವೆಂದು ಆಶಿಸುತ್ತೇನೆ. ತುದಿ ತಿಳಿ ಕಂದು ಬಣ್ಣವಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು, ಬೂದು ಬಿಳುಪು ಎಂದರೆ ಗಾಳಿ ಹೆಚ್ಚು, ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಅಲ್ಲಿ ಕಿಡಿಯೇ ಬರುತ್ತಿಲ್ಲದಿರಬಹುದು. ನಾಲ್ಕೂ ಒಂದೇ ಬಣ್ಣವಿದ್ದರೆ ತಪ್ಪು ಎಲ್ಲ ಸಿಲಿಂಡರ್‌ಗಳಿಗೂ ಸೇರಿದ್ದು, ಒಂದೇ ಒಂದು ಬೇರೆಯಿದ್ದರೆ ಆ ಒಂದರ ಪ್ಲಗ್, ಕಾಯಿಲ್ ಅಥವಾ ಇಂಜೆಕ್ಟರ್‌ಗೆ ಸೇರಿದ್ದು. ಪ್ರತಿ ಪ್ಲಗ್‌ಗೂ ಪ್ರತ್ಯೇಕ ಕಾಯಿಲ್ ಇರುವ ಕಾರಾದರೆ ಕಾಯಿಲ್ ಕೊಳ್ಳುವ ಮೊದಲು ಅದಲುಬದಲು ಮಾಡಿ. ಎರಡನೆಯ ಸಿಲಿಂಡರ್‌ನಲ್ಲಿ ಮಿಸ್ಸಿಂಗ್ ಎಂದು ಕಾರಿನ ಕಂಪ್ಯೂಟರ್‌ನಲ್ಲಿ ಪಿ0302 ಎಂಬ ದೋಷದ ಕೋಡ್ ಬಂದಿದ್ದರೆ (ಓದುವುದು ಹೇಗೆಂದು ಮುಂದೆ ಹೇಳಿದ್ದೇನೆ), ಆ ಕಾಯಿಲನ್ನು ಮೂರನೆಯದಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ಕಾಯಿಲ್ ನಿರಪರಾಧಿ, ನಿಮ್ಮ ಹಣ ಉಳಿಯಿತು.

ಕೋಡ್ ಓದಲು ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆಯೇ ನೋಡಿ. ಇದ್ದರೆ, ಮೊಬೈಲ್‌ಗೆ ಜೋಡಿಸುವ ಅಗ್ಗದ ಓಬಿಡಿ ಅಡಾಪ್ಟರ್ ಒಂದನ್ನು ಯಾರಿಂದಲಾದರೂ ಎರವಲು ತನ್ನಿ. ನೀವು ಕೊಳ್ಳಬಹುದಾದ ಒಂದೇ ಒಂದು ಸಾಮಾನು ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅದರಲ್ಲಿ ಕೋಡ್‌ಗಿಂತ ‘ಫ್ಯೂಯಲ್ ಟ್ರಿಮ್’, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ಇಳಿಸಿದೆ ಎಂಬ ಅಂಕಿ, ಹೆಚ್ಚು ಮಾತನಾಡುತ್ತದೆ. ಐಡ್ಲಿಂಗ್‌ನಲ್ಲಿ +15 ಅಥವಾ +20 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಗಾಳಿಯ ಸೋರಿಕೆ. ರೇಸ್ ಕೊಟ್ಟಷ್ಟೂ ಅಂಕಿ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಒಂದು ಎಚ್ಚರಿಕೆ: ಪಿ0171 ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದಷ್ಟೇ ಅರ್ಥ. ಅದನ್ನು ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಲು ಹೊರಡಬೇಡಿ.

ಪಂಪ್ ವಿಷಯ. ಗಾಡಿ ಆಫ್ ಆದ ಕೂಡಲೇ, ತಣ್ಣಗಾಗಲು ಬಿಡದೆ, ಕೀ ತಿರುಗಿಸಿ ಸೆಲ್ಫ್ ಹೊಡೆಯದೆ ಆಲಿಸಿ. ಹಿಂದಿನ ಸೀಟಿನ ಕೆಳಗೆ ಸುಮಾರು ಎರಡು ಸೆಕೆಂಡ್ ಗುಂಯ್ ಎನ್ನಬೇಕು. ಸದ್ದಿಲ್ಲದಿದ್ದರೆ ಫ್ಯೂಸ್ ನೋಡಿ, ಪಂಪ್‌ಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ರಿಲೇಯನ್ನು, ಫ್ಯೂಸ್ ಬಾಕ್ಸ್‌ನಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ, ಅದರೊಂದಿಗೆ ಬದಲಿಸಿ ಹಾಕಿ. ಟ್ಯಾಂಕಿನ ಅಡಿಗೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿದಾಗ ಸ್ಟಾರ್ಟ್ ಆದರೆ ಪಂಪ್ ಸವೆದಿರುವ ಸಾಧ್ಯತೆ ಹೆಚ್ಚು. ಟ್ಯಾಂಕ್ ಮುಚ್ಚಳ ತೆರೆದಾಗ ಜೋರಾಗಿ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಗಾಳಿಯಾಡುವ ದಾರಿ ಕಟ್ಟಿದೆ. ಹಣದ ಬಿಗಿಯಿಂದ ಸದಾ ರಿಸರ್ವ್‌ನಲ್ಲೇ ಓಡಿಸುತ್ತಿದ್ದೀರಾ? ಟ್ಯಾಂಕಿನೊಳಗಿನ ಪಂಪ್ ತಣ್ಣಗಾಗುವುದು ಪೆಟ್ರೋಲ್‌ನಿಂದಲೇ. ಕಾಲು ಟ್ಯಾಂಕ್ ಆದರೂ ಉಳಿಸಿಕೊಂಡು ಒಂದು ವಾರ ನೋಡಿ.

ಬ್ಯಾಟರಿ ಟರ್ಮಿನಲ್, ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ವಯರು ಎರಡನ್ನೂ ಬಿಚ್ಚಿ ಉಜ್ಜಿ ಬಿಗಿಮಾಡಿ. ಮೀಟರ್ ಸಿಕ್ಕಿದರೆ, ಇಂಜಿನ್ ನಿಂತಿರುವಾಗ ಬ್ಯಾಟರಿ ಸುಮಾರು 12.6 ವೋಲ್ಟ್, ಓಡುವಾಗ 13.5ರಿಂದ 14.5ರ ಒಳಗೆ ತೋರಿಸಬೇಕು.

ಇಷ್ಟರಲ್ಲಿ ಸಿಗದಿದ್ದರೆ ಗ್ಯಾರೇಜಿಗೆ ಹೋಗಿ, ಆದರೆ ಬಿಡಿಭಾಗದ ಬದಲು ಪರೀಕ್ಷೆಯನ್ನು ಕೇಳಿ. ‘ಗಾಡಿ ಬಿಸಿಯಿರುವಾಗ ಫ್ಯೂಯಲ್ ಪ್ರೆಶರ್ ಅಳೆದು ಎಷ್ಟಿದೆ ಹೇಳಿ, ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಬರೆದುಕೊಡಿ, ಅದರ ಕೂಲಿ ಕೊಡುತ್ತೇನೆ’ ಎನ್ನಿ. ಕಂಪ್ರೆಷನ್ ಎಂದರೆ ಸಿಲಿಂಡರ್‌ನೊಳಗೆ ಗಾಳಿ ಒತ್ತಿದಾಗ ಹುಟ್ಟುವ ಒತ್ತಡ. ಅದರಲ್ಲಿ ಸಿಲಿಂಡರ್‌ಗಳ ನಡುವೆ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ತೊಂದರೆ ಇಂಜಿನ್ನಿನ ಒಳಗೇ ಇದೆ, ಹೊರಗಿನ ಯಾವ ಬಿಡಿಭಾಗವೂ ಅದನ್ನು ಸರಿಮಾಡಲಾರದು. ಅಳತೆ ತೋರಿಸುವ ಮೆಕ್ಯಾನಿಕ್ ಸಿಕ್ಕಿದರೆ ಅವರನ್ನು ಬಿಡಬೇಡಿ.

ಅಲ್ಲಿಯವರೆಗೆ ಹೆದ್ದಾರಿಗೆ ಒಯ್ಯಬೇಡಿ. ಓಡುವಾಗ ಆಫ್ ಆದರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕ್‌ನ ನೆರವು ಒಂದೆರಡು ಒತ್ತಿಗಷ್ಟೇ ಉಳಿಯುತ್ತದೆ. ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಬದಿಗೆ ತನ್ನಿ. ಪೆಟ್ರೋಲ್ ವಾಸನೆ ಬಂದರೆ ಯಾವ ಪರೀಕ್ಷೆಯನ್ನೂ ಮಾಡದೆ, ಮೊದಲು ಆ ಸೋರಿಕೆಯನ್ನು ಸರಿಪಡಿಸಿಕೊಳ್ಳಿ.

ನಾಳೆ ಆಫ್ ಆದಾಗ ಮೂರು ವಿಷಯ ನೋಡಿ ಇಲ್ಲಿ ಬರೆಯಿರಿ: ಮುಳ್ಳು ಥಟ್ಟನೆ ಬಿತ್ತೋ ನಿಧಾನವಾಗಿ ಇಳಿಯಿತೋ, ಪಂಪ್ ಸದ್ದು ಬಂತೋ ಇಲ್ಲವೋ, ರೇಸ್ ಹಿಡಿದಿಟ್ಟಾಗ ಇಂಜಿನ್ ಬದುಕಿ ಉಳಿಯಿತೋ. ಕಾರಿನ ಮಾಡೆಲ್ ಮತ್ತು ವರ್ಷವನ್ನೂ ತಿಳಿಸಿದರೆ ಯಾವ ಪೈಪನ್ನು ಮೊದಲು ಮುಟ್ಟಬೇಕು ಎಂದು ಹೇಳಲು ಪ್ರಯತ್ನಿಸುತ್ತೇನೆ.