ಕೊಂಬೆ ತಾಗಿದ ಕಣ್ಣಿಗೆ ಮನೆಯಲ್ಲಿ ಉಳಿದಿದ್ದ ಡ್ರಾಪ್ಸ್ ಹಾಕಿದೆ, ಕೆಂಪು ಇಳಿಯಿತು. ಮುಂದುವರಿಸಲೇ, ಇಲ್ಲ ಇನ್ನೂ ಸ್ಟ್ರಾಂಗ್ ಆದದ್ದು ಯಾವುದಾದರೂ ಹಾಕಲೇ?

ಬೇಡ. ಇನ್ನೊಂದು ಹನಿಯೂ ಬೇಡ, ನೀವು ಕೇಳಿರುವ "ಇನ್ನೂ ಸ್ಟ್ರಾಂಗ್" ಡ್ರಾಪ್ಸೂ ಬೇಡ. ಆ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ನೀವು ಬರೆದದ್ದು ಇಷ್ಟು: ರೋಬಸ್ಟಾ ಕಾಫಿ ಕುಯ್ಯುವಾಗ ಗಿಡದ ರೆಕ್ಕೆ, ಅಂದರೆ ಅಡ್ಡ ಕೊಂಬೆ, ಕಣ್ಣಿಗೆ ಬಡಿದಿದೆ, ಅಮ್ಮನ ಪೊರೆ ಆಪರೇಷನ್ನಿನ ಬಾಟಲಿ ಕಪಾಟಿನಲ್ಲಿ ಸಿಕ್ಕಿದೆ, ಎರಡು ದಿನಕ್ಕೆ ಕೆಂಪು ಹೋಗಿದೆ, ಈಗ ಬಿಸಿಲು ನೋಡಿದರೆ ಕಣ್ಣು ಬಿಡಲಾಗುತ್ತಿಲ್ಲ. ಫಾರ್ಮಸಿ ಓದುವುದಕ್ಕೆ ಮುಂಚೆ ನನ್ನ ಲೆಕ್ಕವೂ ನಿಮ್ಮದೇ ಆಗಿತ್ತು: ಕೆಂಪು ಇಳಿದರೆ ವಾಸಿ, ಇಳಿಯದಿದ್ದರೆ ಇನ್ನೂ ಜೋರಾದದ್ದು ಬೇಕು. ಈಗ ಕೊಡಗಿನ ಔಷಧಿ ಅಂಗಡಿಯೊಂದರ ಕೌಂಟರಿನ ಈಚೆ ನಿಂತು ಅದೇ ಲೆಕ್ಕ ಕೇಳಿಸಿಕೊಳ್ಳುತ್ತೇನೆ, ಅದರಲ್ಲೂ ಕಾಫಿ ಕುಯ್ಲು ಶುರುವಾಗಿ ಮೆಣಸಿನ ಏಣಿ ಇಳಿಸುವ ತನಕ.

ಮೊದಲು ಬಾಟಲಿಯಲ್ಲಿ ಏನಿದೆ ನೋಡಿ. ಪೊರೆ ಆಪರೇಷನ್ ಆದವರಿಗೆ ಕೊಡುವುದು ಸಾಮಾನ್ಯವಾಗಿ ಆಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಎರಡೂ ಸೇರಿದ ಡ್ರಾಪ್ಸ್, ಇಲ್ಲವೇ ಬರೀ ಸ್ಟೀರಾಯ್ಡ್. ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ಬಿಡಿ, ಕೆಳಗಿನ ಸಣ್ಣಕ್ಷರ ಓದಿ. ಮಾಕ್ಸಿಫ್ಲಾಕ್ಸಾಸಿನ್ 0.5% ಅಥವಾ ಟೋಬ್ರಾಮೈಸಿನ್ 0.3% ಅಂತ ಇದ್ದು, ಪಕ್ಕದಲ್ಲಿ ಡೆಕ್ಸಾಮೆಥಸೋನ್ 0.1% ಅಂತ ಇದ್ದರೆ ಆ ಎರಡನೆಯದು ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ಅಸಿಟೇಟ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥೊಲೋನ್, ಬೀಟಾಮೆಥಸೋನ್, ಡೈಫ್ಲುಪ್ರೆಡ್ನೇಟ್ ಎಲ್ಲವೂ ಅದೇ ಕುಲ. ಬ್ರ್ಯಾಂಡ್ ಹೆಸರಿನ ಕೊನೆಗೆ ಡಿ, ಡಿಎಕ್ಸ್, ಪಿ ಅಂತ ಬಾಲ ಅಂಟಿಸಿದ್ದರೆ ಹೆಚ್ಚಿನ ಸಲ ಸ್ಟೀರಾಯ್ಡ್ ಸೇರಿಸಿದ್ದಾರೆ ಅಂತಲೇ ಅರ್ಥ. ಬಾಲವಿಲ್ಲದ ಬಾಟಲಿಯೂ ಬಾಲವಿರುವ ಬಾಟಲಿಯೂ ಎಷ್ಟೋ ಸಲ ಒಂದೇ ಥರದ ಡಬ್ಬಿಯಲ್ಲಿ ಬರುತ್ತವೆ. ಅಂಗಡಿಗೆ ಬಂದು "ಹೋದ ಸಲದ್ದೇ ಕೊಡಿ" ಅನ್ನುವವರಿಗೆ ಈ ಒಂದಕ್ಷರದ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ಈಗ ಆ ಎರಡು ದಿನದಲ್ಲಿ ಕಣ್ಣೊಳಗೆ ಏನಾಗಿರಬಹುದು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಕಣ್ಣು ಕಳೆದುಕೊಳ್ಳುವವರು ಕಳೆದುಕೊಳ್ಳುವುದು ಇಲ್ಲಿಯೇ.

ಪಾಪೆಯ ಮುಂದಿರುವ ಪಾರದರ್ಶಕ ಪದರ, ಕಾರ್ನಿಯಾ, ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರ ಮೇಲ್ಚರ್ಮ ಕೂದಲಿನಷ್ಟು ತೆಳು. ಎಲೆಯ ಅಂಚು, ಒಣಕಡ್ಡಿ ತಾಗಿದರೆ ಈ ಮೇಲ್ಚರ್ಮ ಗೀರುತ್ತದೆ. ಬರೀ ಗೀರಾದರೆ ಒಂದೆರಡು ದಿನದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ತೋಟದ ಎಲೆ, ತೊಗಟೆ, ಕೊಳೆತ ಕಡ್ಡಿಯ ಮೇಲೆ ಫಂಗಸ್ಸಿನ ಬೀಜಾಣು ಇರುತ್ತವೆ. ದಕ್ಷಿಣ ಭಾರತದಲ್ಲಿ ಕೃಷಿ ಕೆಲಸದವರ ಕಣ್ಣಿನ ಹುಣ್ಣಿಗೆ ಫ್ಯುಸೇರಿಯಂ ಮತ್ತು ಆಸ್ಪರ್ಜಿಲ್ಲಸ್ ಎಂಬ ಫಂಗಸ್‌ಗಳು ದೊಡ್ಡ ಕಾರಣ. ಅವು ಗೀರಿನ ಮೂಲಕ ಒಳಹೊಕ್ಕರೆ ದೇಹ ಬಿಳಿರಕ್ತಕಣಗಳನ್ನು ಕಳಿಸುತ್ತದೆ, ರಕ್ತನಾಳ ಹಿಗ್ಗುತ್ತವೆ, ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ. ಅಂದರೆ ನೀವು ಕಂಡ ಕೆಂಪು ನಿಮ್ಮ ಪರವಾಗಿ ನಡೆಯುತ್ತಿದ್ದ ಹೋರಾಟದ್ದು.

ಸ್ಟೀರಾಯ್ಡ್ ಮಾಡುವುದು ಈ ಹೋರಾಟವನ್ನು ನಿಲ್ಲಿಸುವ ಕೆಲಸ. ಕಣಗಳು ಬರುವುದು ಕಡಿಮೆಯಾಗುತ್ತದೆ, ರಕ್ತನಾಳ ಕುಗ್ಗುತ್ತವೆ, ಕಣ್ಣು ಬೆಳ್ಳಗಾಗುತ್ತದೆ, ನೋವೂ ತಗ್ಗುತ್ತದೆ. ಜೊತೆಗಿರುವ ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಮಾತ್ರ, ಫಂಗಸ್ಸಿಗೆ ಅದು ನೀರಿನ ಸಮ. ತೋಟಕ್ಕೆ ನುಗ್ಗಿದ ಆನೆಯನ್ನು ಕೂಗಿ ಓಡಿಸುತ್ತಿದ್ದವರ ಬಾಯಿ ಕಟ್ಟಿ, ಗದ್ದಲ ನಿಂತಿತು ಅಂದಮೇಲೆ ಆನೆ ಹೋಯಿತು ಅಂತ ಮಲಗಿದ ಹಾಗೆ ಇದು. ಫಂಗಸ್ ಅವಸರದ ಪ್ರಾಣಿಯಲ್ಲ. ಬ್ಯಾಕ್ಟೀರಿಯಾದ ಹುಣ್ಣು ಒಂದೆರಡು ದಿನದಲ್ಲಿ ಗಲಾಟೆ ಎಬ್ಬಿಸಿದರೆ, ಇದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಮೆಲ್ಲಗೆ ಎಳೆಗಳನ್ನು ಆಳಕ್ಕೆ ಬಿಡುತ್ತದೆ. ಕರಿಗುಡ್ಡೆಯ ಮೇಲೆ ಅಂಚು ಹಿಂಜಿದ ಹತ್ತಿಯ ಹಾಗಿರುವ ಬೂದು ಚುಕ್ಕೆ ಕಾಣುವ ಹೊತ್ತಿಗೆ ಅದು ಮೇಲ್ಚರ್ಮ ದಾಟಿ ಎಷ್ಟೋ ದೂರ ಹೋಗಿರುತ್ತದೆ. ಆಗ ಬೇಕಾಗುವುದು ನಾಟಮೈಸಿನ್ 5% ಡ್ರಾಪ್ಸ್, ಮೊದಮೊದಲು ಗಂಟೆಗೊಂದು ಹನಿ, ವಾರಗಟ್ಟಲೆ. ಅದಕ್ಕೊಂದು ಮಿತಿಯಿದೆ: ಅದು ಕಾರ್ನಿಯಾದ ಆಳಕ್ಕೆ ಚೆನ್ನಾಗಿ ಇಳಿಯುವುದಿಲ್ಲ. ಮೇಲ್ಪದರದಲ್ಲಿದ್ದಾಗ ಸುಲಭವಾಗಿ ಸಾಯುತ್ತಿದ್ದ ಫಂಗಸ್ಸನ್ನು ಸ್ಟೀರಾಯ್ಡ್ ಕೊಟ್ಟು ಔಷಧಿಯ ಕೈಗೆ ಸಿಗದ ಜಾಗಕ್ಕೆ ತಳ್ಳಿದಂತೆ. ವಾಸಿಯಾದರೂ ಬಿಳಿ ಕಲೆ ಉಳಿಯುತ್ತದೆ. ಕಲೆ ಪಾಪೆಯ ಎದುರಿಗೇ ಕೂತರೆ ಕಾರ್ನಿಯಾ ಬದಲಿಸುವ ಶಸ್ತ್ರಚಿಕಿತ್ಸೆಯ ತನಕ ಹೋಗಬೇಕಾಗುತ್ತದೆ.

ಹರ್ಪೀಸ್ ವೈರಸ್ಸಿನ ಹುಣ್ಣಿಗೂ ಇದೇ ಗತಿ. ಅಲ್ಲಿ ಕವಲೊಡೆದ ಕಡ್ಡಿಯಂತಿರುವ ಸಣ್ಣ ಗಾಯ ಸ್ಟೀರಾಯ್ಡ್ ಬಿದ್ದರೆ ಅಗಲವಾಗಿ ಹರಡುತ್ತದೆ. ಬರಿಗಣ್ಣಿಗೆ ಇವು ಯಾವುವೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಹಳದಿ ಬಣ್ಣದ ಫ್ಲೋರೆಸಿನ್ ಹಾಕಿ, ನೀಲಿ ಬೆಳಕಿನಲ್ಲಿ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಹಿಂದೆ ಕೂತವರಿಗೆ ಮಾತ್ರ ಕಾಣುವುದು. ಆದ್ದರಿಂದಲೇ "ಯಾವ ಡ್ರಾಪ್ಸ್ ಒಳ್ಳೆಯದು" ಅನ್ನುವ ನಿಮ್ಮ ಪ್ರಶ್ನೆಗೆ ನಾನು ಹೆಸರು ಹೇಳುವುದಿಲ್ಲ. ಫೋಟೋ ಕಳಿಸಿದರೂ ಹೇಳುವುದಿಲ್ಲ, ಮತ್ತು ಹೇಳುವವರನ್ನು ನಂಬಬೇಡಿ.

"ಸರಿ, ಸ್ಟೀರಾಯ್ಡ್ ಇಲ್ಲದ ಬರೀ ಆಂಟಿಬಯೋಟಿಕ್ ಹಾಕಬಹುದಲ್ಲ?" ಗೀರಾದ ಕಣ್ಣಿಗೆ ಡಾಕ್ಟರು ಕೊಡುವುದು ಬಹುಪಾಲು ಅದನ್ನೇ. ನೇಪಾಳದ ಭಕ್ತಪುರದಲ್ಲಿ ಗೀರಾದ ಕಣ್ಣುಗಳಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ 1% ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ 3 ಸಲ, 3 ದಿನ ಹಾಕಿದರು. ಪೆಟ್ಟಾದ 18 ಗಂಟೆಯೊಳಗೆ ಶುರುಮಾಡಿದವರಲ್ಲಿ ಹುಣ್ಣಾಗಲಿಲ್ಲ. ಆದರೆ ಅದು ಪೆಟ್ಟಾದ ದಿನವೇ, ಪರೀಕ್ಷೆ ಮಾಡಿ, ಸ್ಟೀರಾಯ್ಡ್ ಸೋಕದ ಕಣ್ಣಿಗೆ. ನಿಮ್ಮದು ಆ ಹಂತ ದಾಟಿದೆ.

ಸ್ಟೀರಾಯ್ಡಿನ ಇನ್ನೊಂದು ಕೇಡು ಸದ್ದಿಲ್ಲದ್ದು. ವಾರಗಟ್ಟಲೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಕೆಲವರಿಗೆ ವಿಪರೀತ. ನೋವಿಲ್ಲ, ಕೆಂಪಿಲ್ಲ, ದೃಷ್ಟಿ ಅಂಚಿನಿಂದ ಸವೆಯುತ್ತದೆ. 10 ದಿನ ಮೀರಿದರೆ ಒತ್ತಡ ಅಳೆಸಬೇಕು ಅನ್ನುವುದು ಇದಕ್ಕೇ. ಬೇಸಿಗೆಯಲ್ಲಿ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಾರೆ ಅಂತ ಒಮ್ಮೆ ಬರೆಸಿಕೊಂಡ ಚೀಟಿಯಲ್ಲೇ ತಿಂಗಳುಗಟ್ಟಲೆ ಡ್ರಾಪ್ಸ್ ಒಯ್ಯುವ ತಂದೆತಾಯಿಗಳಿಗೆ ನಾನು ಕೊಡುವುದಿಲ್ಲ, ಬೈದರೂ ಸರಿ. ಡಬ್ಬಿಯ ಮೇಲಿನ ಕೆಂಪು ಗೆರೆ ಮತ್ತು ಆರ್‌ಎಕ್ಸ್ ಗುರುತು ಅಲಂಕಾರಕ್ಕಲ್ಲ. ಚೀಟಿ ಕೇಳದೆ ಕೊಡುವ ನಮ್ಮ ಕಸುಬಿನವರ ಮೇಲೆ ನನಗೆ ಸಿಟ್ಟಿದೆ. "ಬಸ್ ಚಾರ್ಜೇ ಜಾಸ್ತಿ, ನೀವೇ ಏನಾದ್ರೂ ಕೊಡಿ" ಅನ್ನುವವರ ಕಷ್ಟವೂ ಗೊತ್ತು.

ಮದ್ರಾಸ್ ಐ ಬಂದಾಗಿನ ಕಥೆ ಬೇರೆ. ಅದು ಹೆಚ್ಚಾಗಿ ಅಡಿನೋವೈರಸ್, ಆಂಟಿಬಯೋಟಿಕ್ಕಿಗೆ ಬಗ್ಗದು, ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ತಣ್ಣೀರ ಬಟ್ಟೆ, ಬೇರೆ ಟವೆಲ್, ಪದೇ ಪದೇ ಸೋಪಿನಲ್ಲಿ ಕೈತೊಳೆಯುವುದು ಸಾಕು. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಒಂದೇ ಬಾಟಲಿ ಎಲ್ಲರ ಕಣ್ಣಿಗೂ ಸುತ್ತಿದರೆ ಔಷಧಿಯ ಜೊತೆ ರೋಗವೂ ಸುತ್ತುತ್ತದೆ. ನಂದಿಬಟ್ಟಲು ರಸ, ಜೇನು, ಎದೆಹಾಲು ಯಾವುದೂ ಕಣ್ಣಿಗೆ ಬೇಡ. ಹೂವು ದೇವರಿಗಿರಲಿ.

ಡಾಕ್ಟರು ಡ್ರಾಪ್ಸ್ ಬರೆದುಕೊಟ್ಟ ಮೇಲೆ ಅದನ್ನು ಹಾಕುವುದರಲ್ಲೂ ಜನ ಎಡವುತ್ತಾರೆ. ಹೊಸ ಬಾಟಲಿಯ ಮೂತಿಗೆ ತೂತೇ ಇಲ್ಲ ಅಂತ ಪಿನ್ನು, ಸೂಜಿ ತಗೊಂಡು ಚುಚ್ಚುತ್ತಾರೆ. ಅನೇಕ ಬಾಟಲಿಗಳ ಮುಚ್ಚಳದ ಒಳಗೇ ಮೊಳೆ ಇರುತ್ತದೆ. ಸೀಲಿನ ಉಂಗುರ ತೆಗೆದು ಮುಚ್ಚಳವನ್ನು ಮತ್ತೆ ಬಲಕ್ಕೆ ಪೂರ್ತಿ ಬಿಗಿಯಾಗಿ ತಿರುಗಿಸಿದರೆ ಅದೇ ಅಳತೆಯ ತೂತು ಮಾಡುತ್ತದೆ. ಪಿನ್ನಿನ ತೂತು ದೊಡ್ಡದಾಗಿ ಹನಿಯ ಬದಲು ಧಾರೆ ಬರುತ್ತದೆ, ಪಿನ್ನಿನ ಕೊಳೆ ಔಷಧಿಗೆ ಸೇರುತ್ತದೆ.

ಕೈ ಸೋಪಿನಲ್ಲಿ ತೊಳೆಯಿರಿ. ಬೋರ್ಡೋ (ಗಿಡಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ) ಕಲಸಿದ ಕೈ, ಮೆಣಸು ಬಿಡಿಸಿದ ಕೈ ಆದರೆ ಎರಡು ಸಲ. ಪ್ರೆಡ್ನಿಸೊಲೋನ್, ನಾಟಮೈಸಿನ್ ಥರದ ಹಾಲು ಬಣ್ಣದ ಔಷಧಿಯಾದರೆ ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಮದ್ದು ತಳದಲ್ಲೇ ಕೂತು ಮೇಲಿನ ನೀರು ಮಾತ್ರ ಕಣ್ಣಿಗೆ ಬೀಳುತ್ತದೆ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಆಗುವ ಜೇಬಿನಲ್ಲಿ ಒಂದೇ ಹನಿ. ಒಂದು ಹನಿಯಲ್ಲಿ 30ರಿಂದ 50 ಮೈಕ್ರೋಲೀಟರ್ ಇರುತ್ತದೆ, ಕಣ್ಣು ಹಿಡಿಯುವುದು ಹೆಚ್ಚೆಂದರೆ 30. ಎರಡನೇ ಹನಿ ಕೆನ್ನೆಗೇ. ಮೂತಿ ರೆಪ್ಪೆಗಾಗಲಿ ಕೂದಲಿಗಾಗಲಿ ತಾಗಬಾರದು. ಆಮೇಲೆ ಪಟಪಟ ಮಿಟುಕಿಸಬೇಡಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿಯಿರಿ. ಅಲ್ಲಿರುವ ಕಣ್ಣೀರಿನ ಕಾಲುವೆ ಮೂಗಿಗೆ ಇಳಿಯುತ್ತದೆ, ಔಷಧಿ ಅಲ್ಲಿಂದ ಗಂಟಲಿಗೆ ಹೋಗುತ್ತದೆ, ಡ್ರಾಪ್ಸ್ ಹಾಕಿದಾಗ ಬಾಯಿ ಕಹಿಯಾಗುವುದು ಅದರಿಂದಲೇ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಿ, ಮುಲಾಮು ಇದ್ದರೆ ಕೊನೆಗೆ. ಒದ್ದಾಡುವ ಮಗುವಾದರೆ ಮಲಗಿಸಿ, ಮುಚ್ಚಿದ ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ ಹನಿ ಬಿಡಿ. ಕಣ್ಣು ತೆರೆದಾಗ ತಾನೇ ಒಳಗೆ ಹೋಗುತ್ತದೆ. ಸೋಂಕಿರುವಾಗ ಕಾಂಟ್ಯಾಕ್ಟ್ ಲೆನ್ಸ್ ಪೂರ್ತಿ ಬಂದ್.

ನಿಲ್ಲಿಸುವ ಕ್ರಮವನ್ನು ಬಹಳ ಜನ ತಲೆಕೆಳಗು ಮಾಡುತ್ತಾರೆ. ಡಾಕ್ಟರು ವಾರಗಟ್ಟಲೆಗೆ ಕೊಟ್ಟ ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ಉರಿಯೂತ ಮರುಕಳಿಸುತ್ತದೆ. ಅದನ್ನು ಅವರು ಬರೆದಂತೆ ದಿನಕ್ಕೆ 4, 3, 2, 1 ಅಂತ ಇಳಿಸಬೇಕು. ಆಂಟಿಬಯೋಟಿಕ್ಕನ್ನು ಹಾಗೆ ಇಳಿಸಬಾರದು. ಹೇಳಿದಷ್ಟು ದಿನ ಪೂರ್ತಿ ಲೆಕ್ಕದಲ್ಲಿ ಹಾಕಿ, ಆಮೇಲೆ ಸೀದಾ ನಿಲ್ಲಿಸಬೇಕು. ದಿನಕ್ಕೊಂದು ಹನಿಯ ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ತರಬೇತಿ ಕೊಟ್ಟಂತೆ.

ಬಾಟಲಿ ತೆರೆದ ದಿನಾಂಕವನ್ನು ಮಾರ್ಕರಿನಲ್ಲಿ ಅದರ ಮೇಲೇ ಬರೆಯಿರಿ. ಒಂದು ತಿಂಗಳಾದ ಮೇಲೆ ಅರ್ಧ ಉಳಿದಿದ್ದರೂ ಚೆಲ್ಲಿ, ಎಕ್ಸ್‌ಪೈರಿ ಇನ್ನೂ ದೂರವಿದ್ದರೂ ಚೆಲ್ಲಿ, ಆ ದಿನಾಂಕ ಸೀಲು ಒಡೆಯದ ಬಾಟಲಿಗೆ. ನಿಮ್ಮ ಅಮ್ಮನ ಬಾಟಲಿ ಅಲ್ಲಿಯೇ ಸೋತಿದೆ. ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬೇಡ. ಕ್ಲೋರಾಂಫೆನಿಕಾಲ್ ಡ್ರಾಪ್ಸಾದರೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ, ಐಸಿನ ಖಾನೆಯಲ್ಲಲ್ಲ. ಮಳೆಗಾಲದ ಥಂಡಿಗೆ ಲೇಬಲ್ ಕಿತ್ತುಬರುತ್ತದೆ, ಡಬ್ಬಿಯ ಸಮೇತ ಇಡಿ. ಕಿವಿಯ ಡ್ರಾಪ್ಸ್ ಮತ್ತು ಫೆವಿಕ್ವಿಕ್ ಇರುವ ಡ್ರಾಯರಿನಲ್ಲಿ ಮಾತ್ರ ಇಡಬೇಡಿ. ಕರೆಂಟಿಲ್ಲದ ರಾತ್ರಿ ಕೈಗೆ ಮೂರೂ ಒಂದೇ ಥರ.

ಡ್ರಾಪ್ಸಿನ ಮಾತೇ ಎತ್ತಬಾರದ ಪೆಟ್ಟುಗಳೂ ತೋಟದಲ್ಲಿವೆ. ಬೋರ್ಡೋ ದ್ರಾವಣದ ಸುಣ್ಣ ಕಣ್ಣಿಗೆ ಬಿದ್ದರೆ ಅಲ್ಲೇ, ಆಗಲೇ, ಸಿಕ್ಕ ಶುದ್ಧ ನೀರಿನಲ್ಲಿ ಅರ್ಧ ಗಂಟೆ ರೆಪ್ಪೆ ಬಿಡಿಸಿ ತೊಳೆದು ಆಮೇಲೆ ಹೊರಡಿ. ಕಳೆ ಕೊಚ್ಚುವ ಯಂತ್ರದಿಂದ ಕಲ್ಲೋ ತಂತಿಯ ಚೂರೋ ಹಾರಿ ಬಡಿದಿದ್ದರೆ ತೊಳೆಯಬೇಡಿ, ಒತ್ತಬೇಡಿ, ಏನೂ ಹಾಕಬೇಡಿ. ಕಾಗದದ ಲೋಟದ ತಳ ಕತ್ತರಿಸಿ ಕಣ್ಣಿಗೆ ತಾಗದಂತೆ ಮುಚ್ಚಿ ಟೇಪ್ ಹಚ್ಚಿ ಕರೆದೊಯ್ಯಿರಿ.

ನಿಮ್ಮ ವಿಷಯಕ್ಕೆ ಬಂದರೆ, ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ. ಕಾರ್ನಿಯಾ ತಜ್ಞರು ಬೇಕು ಅಂದರೆ ಅವರೇ ಮೈಸೂರಿಗೆ ಕಳಿಸುತ್ತಾರೆ. ಗಾಡಿ ನೀವು ಓಡಿಸಬೇಡಿ. ಯಾವ ದಿನ ತಾಗಿತು, ಹಸಿ ರೆಕ್ಕೆಯೋ ಒಣಕಡ್ಡಿಯೋ, ಯಾವ ಡ್ರಾಪ್ಸ್, ಎಷ್ಟು ದಿನ, ಶುಗರ್ ಇದೆಯೇ, ಎಲ್ಲ ಹೇಳಿ. ಬೈಯುತ್ತಾರೆ ಅಂತ ಸ್ಟೀರಾಯ್ಡ್ ಹಾಕಿದ್ದನ್ನು ಮುಚ್ಚಿಡಬೇಡಿ, ಅದು ರೋಗದ ಲಕ್ಷಣಗಳನ್ನೇ ಮರೆಮಾಡಿರುತ್ತದೆ. ಹುಣ್ಣು ಕಂಡರೆ ಅದರ ಮೇಲ್ಪದರ ಕೆರೆದು, ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಫಂಗಸ್ಸಿನ ಎಳೆ ಇದ್ದರೆ ಅಲ್ಲೇ ಕಾಣುತ್ತದೆ. ಕೆರೆಯುವುದು ಅಂದಾಗ ಹೆದರಿ ಎದ್ದು ಬರಬೇಡಿ, ಮೊದಲು ಪ್ರೊಪಾರಕೇನ್ ಹನಿ ಹಾಕಿ ಮರಗಟ್ಟಿಸುತ್ತಾರೆ. ಆ ಹನಿ ಬಿದ್ದ ತಕ್ಷಣ ನೋವು ಮಾಯವಾಗುತ್ತದೆ, ಎಲ್ಲರೂ "ಇದನ್ನೇ ಬರೆದುಕೊಡಿ" ಅನ್ನುತ್ತಾರೆ. ಕೇಳಬೇಡಿ, ಯಾರಾದರೂ ಕೊಟ್ಟರೂ ಮನೆಗೆ ತರಬೇಡಿ: ಪದೇ ಪದೇ ಹಾಕಿದರೆ ಕಾರ್ನಿಯಾದ ಮೇಲ್ಚರ್ಮ ಮತ್ತೆ ಬೆಳೆಯುವುದೇ ಇಲ್ಲ.